ಸಾನಾ ಬೆಂಚಿಗೆ ಹೊಡೆದ ವಾರ್ನಿಶ್

ಹಲಸೂರಲ್ಲಿ ನನ್ನಂಥ ಮರಗೆಲಸದೋನು ಇನ್ನೊಬ್ಬ ಇರ್ಲಿಲ್ಲ, ಬೇಕಾದ್ರೆ ಕೇಳಿ ನೋಡಿ. ಇಂದಿರಾನಗರದ ಸಾರೊಬ್ಬರು ಮನೇಲೇ ಬಿಸಿ ಹಬೇಲಿ ಕೂತು ಬೆವರೋಕೆ ಅಂತ ನನ್ನ ಕೈಲಿ ಮರದ ರೂಮು ಮಾಡಿಸಿದ್ರು. ಅದಕ್ಕೆ ಸಾನಾ ಅಂತಾರಂತೆ. "ಬೆಂಚಿಗೆ ವಾರ್ನಿಶ್ ಬೇಡ ಆಚಾರ್ರೇ" ಅಂದ್ರು. ಮಿಂಚದೆ ಇರೋ ಕೆಲಸ ನಾನು ಯಾವತ್ತೂ ಒಪ್ಪಿಸಿದೋನಲ್ಲ. ಅವರು ಆಫೀಸಿಗೆ ಹೋದಾಗ ಮೂರು ಕೋಟು ಎಳೆದ್ಬಿಟ್ಟೆ.

ಎರಡು ದಿನ ಬಿಟ್ಟು ಅವರ ಹೆಂಡ್ತಿ ಫೋನ್ ಮಾಡಿದ್ರು. "ಬೇಗ ಬನ್ನಿ, ನಮ್ಮೋರಿಗೆ ಬೆಂಚಿಂದ ಏಳೋಕಾಗ್ತಿಲ್ಲ."

ಹೋಗಿ ನೋಡಿದ್ರೆ, ಬಿಸಿಗೆ ವಾರ್ನಿಶ್ ಕರಗಿ, ಸಾರ್ ಬರೀಮೈಯಲ್ಲಿ ಅಂಟ್ಕೊಂಡು ಕೂತವ್ರೆ.

"ಬೇಡ ಅಂದಿದ್ನಲ್ರೀ?"

"ಅಲ್ಲಾಡ್ಬೇಡಿ ಸಾರ್, ಚರ್ಮ ಕಿತ್ತು ಬರುತ್ತೆ."

ಕೊಬ್ಬರಿ ಎಣ್ಣೆ ಬಿಟ್ಟು, ಉಳಿ ತೂರಿಸಿ ಮೆಲ್ಲಗೆ ಬಿಡಿಸ್ದೆ. ಒಂದು ಗೀರೂ ಬೀಳ್ಲಿಲ್ಲ. ಅಷ್ಟು ನಾಜೂಕು ಕೆಲಸ ನಾನು ಜನ್ಮದಲ್ಲೇ ಮಾಡಿರ್ಲಿಲ್ಲ, ಆದ್ರೆ ನಾಕು ಜನಕ್ಕೆ ತೋರಿಸೋಣ ಅಂದ್ರೆ ಸಾರ್ ಒಪ್ಪಬೇಕಲ್ಲ.