ಬೆನ್ನ ಹಿಂದಿನ ಹೂಂ

ಮೂವತ್ತಾರನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವುದು ಹುಡುಗಾಟವಲ್ಲ. ಈ ಹೆಣ್ಣುಮಗಳು ಐದೂವರೆ ವರ್ಷ ಓದಿ ಡಾಕ್ಟರಾದಳು, ಆಮೇಲೆ ವಾರ್ಡುಗಳಲ್ಲಿ ವರ್ಷಗಟ್ಟಲೆ ನಿದ್ದೆಗೆಟ್ಟು ದೊಡ್ಡ ಡಿಗ್ರಿ ತೆಗೆದುಕೊಂಡಳು, ಮದುವೆಯಾದಳು, ಮಗಳನ್ನು ಹೆತ್ತಳು, ಒಂದು ಸಣ್ಣ ಆಸ್ಪತ್ರೆಯಲ್ಲಿ ಕೂತು ನಾಲ್ಕು ವರ್ಷ ರೋಗಿಗಳನ್ನು ನೋಡಿದಳು. ಅಷ್ಟಕ್ಕೇ ಸಮಾಧಾನವಾಯಿತೇ? ಇಲ್ಲ. ಹೃದಯದ ರಕ್ತನಾಳದೊಳಗೆ ಕೂದಲೆಳೆಯಂಥ ತಂತಿ ತೂರಿಸಿ, ಕಟ್ಟಿಕೊಂಡಿದ್ದನ್ನು ಬಿಡಿಸುವ ಕೆಲಸ ಕಲಿಯಲೇಬೇಕೆಂದು ಹಟ ಹಿಡಿದು ಎರಡು ವರ್ಷದ ಫೆಲೋಶಿಪ್ಪಿಗೆ ಸೇರಿದಳು. ಜೊತೆಗಿದ್ದವರೆಲ್ಲ ಮೂವತ್ತರ ಆಸುಪಾಸಿನವರು. ಮೊದಲ ವಾರದಲ್ಲೇ ಅವಳಿಗೆ 'ಅಜ್ಜಿ' ಎಂದು ಹೆಸರಿಟ್ಟರು. ಅವಳೇನು ಕಡಿಮೆಯವಳಲ್ಲ. "ಬನ್ರೋ ಮೊಮ್ಮಕ್ಕಳಾ, ಅಜ್ಜಿ ಟೀ ಕುಡಿಸ್ತಾಳೆ" ಅಂತ ಎಲ್ಲರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ಹೆಸರು ಅಂಟಿಕೊಂಡಿತು. ನಾವೂ ಅವಳನ್ನು ಅಜ್ಜಿ ಎಂದೇ ಕರೆಯೋಣ.

ಕಲಿಸುವವರು ಒಬ್ಬರೇ, ದೊಡ್ಡ ಡಾಕ್ಟರು. ಆ ಊರಿನಲ್ಲಿ ಹೃದಯದ ಕೆಲಸ ಬಲ್ಲ ಅರ್ಧಕ್ಕರ್ಧ ಜನ ಅವರ ಶಿಷ್ಯರೇ. ಆಸ್ಪತ್ರೆಯ ಸೂಪರಿಂಟೆಂಡೆಂಟರೂ ಅವರ ಕೈಕೆಳಗೆ ಕಲಿತವರು. ಅವರು ಕಲಿಸುವ ಕ್ರಮವೇ ಬೇರೆ. ಕಲಿಯುವವರು ಸೀಸದ ಏಪ್ರನ್ನು ತೊಟ್ಟು ಮೇಜಿನ ಮುಂದೆ ನಿಂತು, ಎಕ್ಸರೇ ಪರದೆ ನೋಡುತ್ತ ತಂತಿ ನಡೆಸಬೇಕು. ಅವರು ಎರಡು ಹೆಜ್ಜೆ ಹಿಂದೆ ಕೈಕಟ್ಟಿ ನಿಲ್ಲುವರು. ಏನು ಮಾಡುವ ಮೊದಲೂ ಕೇಳಬೇಕು: "ಸರ್, ಮುಂದಕ್ಕೆ ಹೋಗ್ಲಾ?" ಸರಿಯಿದ್ದರೆ ಹಿಂದಿನಿಂದ "ಹೂಂ" ಅನ್ನುವರು. ತಪ್ಪಿದ್ದರೆ ಸದ್ದೇ ಇಲ್ಲ. ಸದ್ದಿಲ್ಲವೆಂದರೆ ಕೈ ನಿಲ್ಲಬೇಕು, ಎಲ್ಲಿ ಎಡವಿದೆ ಎಂದು ತಾನೇ ಹುಡುಕಬೇಕು. ಬೈಯುವುದಿಲ್ಲ, ಬಿಡಿಸಿ ಹೇಳುವುದಿಲ್ಲ. ಮೊದಲ ವರ್ಷ ಆ ಮೌನ ಬಿದ್ದಾಗಲೆಲ್ಲ ಅಜ್ಜಿಗೆ ಗ್ಲೌಸಿನೊಳಗೆ ಬೆರಳು ಬೆವರುತ್ತಿದ್ದವು. ಬೆನ್ನು ತಿರುಗಿಸಿ ನೋಡುವ ಹಾಗಿಲ್ಲ, ಕಣ್ಣು ಪರದೆಯ ಮೇಲೇ ಇರಬೇಕು. ಹೀಗೆ ಅವಳಿಗೆ ಗುರುಗಳ ಮುಖಕ್ಕಿಂತ ಅವರ ಹೂಂ ಹೆಚ್ಚು ಪರಿಚಯವಾಯಿತು.

ಕೊನೆಗೆ ಸಿಗುವ ಸರ್ಟಿಫಿಕೇಟಿಗೂ ಅವರದೇ ಸಹಿ. ಅವರು ಸಹಿ ಹಾಕದಿದ್ದರೆ ಎರಡು ವರ್ಷ ನೀರಿನಲ್ಲಿ ಹೋಮ.

ಇಪ್ಪತ್ತಮೂರನೆಯ ತಿಂಗಳು. ಮಗಳ ಜಡೆ ಹೆಣೆಯುತ್ತ ಒಂದು ಬೆಳಿಗ್ಗೆ ಅಜ್ಜಿ ಗಂಡನ ಹತ್ತಿರ ಜಂಬ ಕೊಚ್ಚಿಕೊಂಡಳು.

"ರೀ, ಒಂದೂವರೆ ತಿಂಗಳಾಯ್ತು, ಸರ್ ಒಂದು ಸಲಾನೂ ಸುಮ್ನಾಗಿಲ್ಲ. ಬರೀ ಹೂಂ, ಹೂಂ. ನಂಗೆ ಕೈ ಕೂತಿದೆ ಅಂತ ಕಾಣ್ಸುತ್ತೆ."

ಗಂಡನದು ಔಷಧಿ ಅಂಗಡಿ. ಶಟರಿನ ಬೀಗದ ಕೈ ಹುಡುಕುತ್ತಿದ್ದವನು ತಲೆ ಎತ್ತಿ ನಕ್ಕ. "ಅಂತೂ ಅಜ್ಜಿ ಪಾಸಾದ್ಳು ಅನ್ನು."

ಮಗಳು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ ತಾನೂ ನಕ್ಕಳು. ಆ ಮನೆಯಲ್ಲಿ ಅಷ್ಟು ಹಗುರಾದ ಬೆಳಗು ಮತ್ತೆ ಬರಲಿಲ್ಲ.

ಅವತ್ತು ಮೇಜಿನ ಮೇಲಿದ್ದದ್ದು ಒಬ್ಬ ದರ್ಜಿ. ಕಟ್ಟಿಕೊಂಡದ್ದು ಬಲಗಡೆಯ ನಾಳ. ಹಿಂದಿನ ರಾತ್ರಿ ಸರಿಯಾಗಿ ಮಲಗಿರಲಿಲ್ಲವೋ ಏನೋ, ಅಜ್ಜಿಯ ಬಾಯಿ ತಪ್ಪಿತು. "ಸರ್, ಎಡಗಡೆಯದಕ್ಕೆ ತಂತಿ ಹಾಕ್ಲಾ?"

"ಹೂಂ."

ಕೈ ತಾನಾಗಿಯೇ ನಿಂತಿತು. ಕೇಳಿದ್ದು ತಪ್ಪು, ಮೌನ ಬೀಳಬೇಕಿತ್ತು. ಅವಳು ಏನೂ ಆಗದವಳ ಹಾಗೆ ಬಲಗಡೆಯ ನಾಳಕ್ಕೇ ತಂತಿ ತೂರಿಸಿದಳು, ಬಲೂನು ಉಬ್ಬಿಸಿದಳು, ಸ್ಟೆಂಟು ಕೂರಿಸಿದಳು. ದರ್ಜಿ ಬಚಾವಾದ. ಎಲ್ಲ ಮುಗಿದು ತಂತಿ ತೂರಿಸಿದ ಗಾಯ ಒತ್ತಿ ಹಿಡಿದಿದ್ದಾಗ, ಗೋಡೆ ಗಡಿಯಾರ ಹನ್ನೊಂದು ತೋರಿಸುತ್ತಿರುವಾಗ, ಬೇಕೆಂದೇ ಕೇಳಿದಳು.

"ಸರ್, ಸಾಯಂಕಾಲ ಐದಾಯ್ತಲ್ವಾ?"

"ಹೂಂ."

ಅಜ್ಜಿ ತಿರುಗಿ ನೋಡಿದಳು. ದೊಡ್ಡ ಡಾಕ್ಟರು ಕೈಕಟ್ಟಿ ನಿಂತಿದ್ದರು, ಎಂದಿನ ಹಾಗೆಯೇ. ಕಣ್ಣು ಮಾತ್ರ ಪರದೆಯ ಮೇಲಿರಲಿಲ್ಲ, ಅದರ ಪಕ್ಕದ ಬರಿಗೋಡೆಯ ಮೇಲಿತ್ತು. ಒಂದೂವರೆ ತಿಂಗಳಿಂದ ತನಗೆ ಕೈ ಕೂತಿದೆ ಎಂದು ಅವಳು ಹಿಗ್ಗಿದ್ದಳಲ್ಲ, ಅಷ್ಟು ದಿನವೂ ಬೆನ್ನ ಹಿಂದೆ ಯಾರೂ ಇರಲಿಲ್ಲ.

ದರ್ಜಿಯನ್ನು ವಾರ್ಡಿಗೆ ಕಳಿಸಿ, ದೊಡ್ಡ ಡಾಕ್ಟರೂ ಹೊರಗೆ ಹೋದ ಮೇಲೆ ಹಿರಿಯ ನರ್ಸು ಟ್ರೇ ಎತ್ತಿಕೊಂಡು ಹತ್ತಿರ ಬಂದರು. ಇಪ್ಪತ್ತೆರಡು ವರ್ಷದಿಂದ ತಂತಿ ಹಾಕುವ ಅದೇ ಕ್ಯಾತ್ ಲ್ಯಾಬಿನಲ್ಲಿ ಇರುವವರು, ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

"ಈಗ ಗೊತ್ತಾಯ್ತಾ ಡಾಕ್ಟ್ರೇ?"

"ನಿಮ್ಗೆ ಯಾವಾಗ ಗೊತ್ತಾಯ್ತು, ಸಿಸ್ಟರ್?"

"ಹೋದ ತಿಂಗಳು. ನನ್ನನ್ನ ನಮ್ಮ ಹಳೇ ಸಿಸ್ಟರ್ ಹೆಸರಲ್ಲಿ ಕರೆದ್ರು. ಅವ್ರು ತೀರ್ಕೊಂಡು ಒಂಬತ್ತು ವರ್ಷ ಆಯ್ತು." ಟ್ರೇಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಾನು ಹೇಳಿದ್ರೆ ಯಾರು ಕೇಳ್ತಾರೆ? ನರ್ಸಿಗೆ ತಲೆ ಕೆಟ್ಟಿದೆ ಅಂತಾರೆ. ನೀವು ಡಾಕ್ಟ್ರು. ನೀವು ಒಂದು ಮಾತು ಎತ್ತಿ, ನಾನು ಹಿಂದೆ ನಿಲ್ತೀನಿ."

ಎತ್ತುವುದೇ ಎಂದುಕೊಂಡಳು ಅಜ್ಜಿ. ಆ ಮಧ್ಯಾಹ್ನ ಸೂಪರಿಂಟೆಂಡೆಂಟರ ಕೋಣೆಯ ಮುಂದೆ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತಳು. ಏನು ಹೇಳಬೇಕೆಂದು ನೂರು ಸಲ ಮನಸ್ಸಿನಲ್ಲೇ ಉರು ಹೊಡೆದಳು. ಒಳಗೆ ಹೋದ ಮೇಲೆ ಬಾಯಿಂದ ಹೊರಟಿದ್ದೇ ಬೇರೆ.

"ದೊಡ್ಡ ಡಾಕ್ಟ್ರು ಇತ್ತೀಚೆಗೆ ಸ್ವಲ್ಪ ಸುಸ್ತಾದ ಹಾಗಿದ್ದಾರೆ, ಸರ್. ಕೇಳಿದ್ದಕ್ಕೆಲ್ಲ ಹೂಂ ಅಂತಿದ್ದಾರೆ."

ಸೂಪರಿಂಟೆಂಡೆಂಟರು ಕುರ್ಚಿಯಲ್ಲಿ ಒರಗಿ ಗಹಗಹಿಸಿ ನಕ್ಕರು. "ಪುಣ್ಯವಂತೆ ಕಣಮ್ಮಾ ನೀನು! ನಮ್ಮ ಕಾಲದಲ್ಲಿ ಒಂದು ಹೂಂಗೆ ಬಾಯಿ ಬಾಯಿ ಬಿಡ್ತಿದ್ವಿ. ಇನ್ನೆಷ್ಟು ದಿನ ಇದೆ ನಿಂದು?"

"ಮೂರು ವಾರ, ಸರ್."

"ಹಂಗಾದ್ರೆ ನೆಮ್ಮದಿಯಾಗಿ ಮುಗಿಸ್ಕೊಂಡು ಹೋಗು."

ಅವರು ನಿಜವಾಗಿ ತಮಾಷೆಯೆಂದುಕೊಂಡರೋ, ಗೊತ್ತಿದ್ದೂ ಜಾಣಕಿವುಡು ತೋರಿಸಿದರೋ, ನನಗಂತೂ ಗೊತ್ತಿಲ್ಲ. ಅಜ್ಜಿ ನೇರವಾಗಿ ಹೇಳಲಿಲ್ಲ ಎಂಬುದಷ್ಟೇ ಗೊತ್ತು. ಗುಟುಕು ನೀರು ಕುಡಿದು, ಥ್ಯಾಂಕ್ಸ್ ಹೇಳಿ, ಎದ್ದು ಬಂದಳು.

ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಕೆಟ್ಟವನಲ್ಲ, ಪಾಪ. ಎರಡು ವರ್ಷ ಅಂಗಡಿ ನೋಡಿಕೊಂಡು, ಮಗಳಿಗೆ ಅನ್ನ ಕಲಸಿ, ಸ್ಕೂಲಿಗೆ ಬಿಟ್ಟು ಬಂದವನು. "ಅವರ ಮರ್ಯಾದೆ ತೆಗೆದ್ರೆ ನಿನ್ನ ಕಾಗದಕ್ಕೆ ಸಹಿ ಯಾರು ಹಾಕ್ತಾರೆ ಹೇಳು? ನಿನ್ನ ಕೇಸು ನೀನು ಹುಷಾರಾಗಿ ಮಾಡು. ಮೂರು ವಾರ, ಹೆಂಗೋ ಹಲ್ಲು ಕಚ್ಚಿಕೊಂಡು ಇದ್ದುಬಿಡು."

ಹಾಗೆಯೇ ಇದ್ದಳು. ಹಿಂದೆ ಹೂಂ ಬಂದರೂ ಬರದ ಹಾಗೆ, ಪ್ರತಿಯೊಂದನ್ನೂ ಎರಡೆರಡು ಸಲ ನೋಡಿ ಮಾಡಿದಳು. ಕೇಸುಗಳು ಚೆನ್ನಾಗಿಯೇ ಆದವು. ಇದೇನು ಮಹಾ, ದಾಟಿಬಿಡಬಹುದು ಎಂದು ಅನ್ನಿಸತೊಡಗಿದಾಗಲೇ ಲಿಫ್ಟಿನ ಅಣ್ಣನ ಕೇಸಿನ ಕಾಗದ ಬಂತು.

ಲಿಫ್ಟಿನ ಅಣ್ಣ ಯಾರಿಗೆ ಗೊತ್ತಿಲ್ಲ? ಆಸ್ಪತ್ರೆಯ ಹಳೆಯ ಲಿಫ್ಟಿನಲ್ಲಿ ಮರದ ಸ್ಟೂಲಿನ ಮೇಲೆ ಕೂತು, ಬಾಗಿಲೆಳೆದು, ಗುಂಡಿ ಒತ್ತುವವನು. ಹೆಣವನ್ನೂ ಕೂಸನ್ನೂ ಒಂದೇ ಮರ್ಯಾದೆಯಿಂದ ಇಳಿಸಿದವನು. ಅಜ್ಜಿ ಬಂದರೆ "ವಯಸ್ಸಾದವ್ರಿಗೆ ದಾರಿ ಬಿಡ್ರಪ್ಪೋ" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಅವನ ಹೃದಯದ ಎಡಗಡೆಯ ದೊಡ್ಡ ನಾಳ ಬುಡದಲ್ಲೇ ಮುಕ್ಕಾಲು ಕಟ್ಟಿಕೊಂಡಿತ್ತು. ಅಂಥ ಜಾಗದಲ್ಲಿ ಕೈಯಾಡಿಸಲು ಕಲಿಯುವವರಿಗೆ ಬಿಡುವುದಿಲ್ಲ, ದೊಡ್ಡ ಡಾಕ್ಟರೇ ಮಾಡಬೇಕು. ಗುರುವಾರವೆಂದು ಗೊತ್ತಾಯಿತು. ಪಕ್ಕದಲ್ಲಿ ನಿಲ್ಲುವ ಸರದಿ ಅಜ್ಜಿಯದು. ಅವಳ ಸರ್ಟಿಫಿಕೇಟಿಗೆ ಸಹಿ ಬೀಳುವುದು ಮುಂದಿನ ಸೋಮವಾರ.

ಬುಧವಾರ ಲಿಫ್ಟಿನಲ್ಲಿ ಇಬ್ಬರೇ ಇದ್ದರು. ಎರಡನೆಯ ಮಹಡಿ ದಾಟುವಾಗ ಅವನು ಕೇಳಿದ.

"ದೊಡ್ಡ ಡಾಕ್ಟ್ರೇ ಮಾಡ್ತಾರಂತಲ್ಲ ಡಾಕ್ಟ್ರಮ್ಮಾ. ನಂಗೇನೂ ಭಯ ಇಲ್ಲ, ಅಲ್ವಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗುತ್ತದೆ? ಬಾಗಿಲು ಮುಚ್ಚಿದೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಬೇರೆ ಆಸ್ಪತ್ರೆಗೆ ಹೋಗಣ್ಣಾ ಅಂದರೆ ಸಾಕಿತ್ತು. ಅಜ್ಜಿ ಮೇಲೆ ಉರಿಯುವ ಅಂಕಿಗಳನ್ನು ನೋಡಿದಳು. ಮೂರು ಹೋಗಿ ನಾಲ್ಕಾಯಿತು.

"ಹೂಂ" ಅಂದಳು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವನನ್ನು ಮೇಜಿನ ಮೇಲೆ ಮಲಗಿಸಿದರು. ಈ ಕೆಲಸಕ್ಕೆ ಪ್ರಜ್ಞೆ ತಪ್ಪಿಸುವುದಿಲ್ಲ, ರೋಗಿಗೆ ಎಲ್ಲ ಕೇಳಿಸುತ್ತಿರುತ್ತದೆ. "ನನ್ನ ಲಿಫ್ಟು ಯಾರು ನೋಡ್ಕೋತಿದಾರೆ? ಆ ಬಾಗಿಲು ಮೂರನೇ ಮಹಡಿಯಲ್ಲಿ ಮೊಂಡಾಟ ಮಾಡುತ್ತೆ, ಹೇಳಿದ್ದೀರಾ?" ಎಂದು ಮಲಗಿದಲ್ಲೇ ವಿಚಾರಿಸಿಕೊಂಡ.

ದೊಡ್ಡ ಡಾಕ್ಟರ ಕೈ ಮೊದಮೊದಲು ಚೆನ್ನಾಗಿಯೇ ನಡೆಯಿತು. ನಲವತ್ತು ವರ್ಷದ ಅಭ್ಯಾಸ, ಬೆರಳಿಗೆ ಬೇರೆ ನೆನಪು ಬೇಕಾಗಿಲ್ಲ. ಅಜ್ಜಿ ಅರ್ಧ ಉಸಿರು ಬಿಟ್ಟಳು. ಆಮೇಲೆ ತಂತಿಯ ತುದಿ ದೊಡ್ಡ ನಾಳ ದಾಟಿ, ಒಂದು ಸಣ್ಣ ಕವಲಿಗೆ ಇಳಿಯಿತು. ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ಅವರು ಒಂದು ಕ್ಷಣ ನಿಂತರು. ಪರದೆಯಿಂದ ಕಣ್ಣು ಕದಲಿತು.

"ಸರ್, ತಂತಿ ಕವಲೊಳಗೆ ಹೋಯ್ತು."

"ಹೂಂ" ಎಂದು ಇನ್ನಷ್ಟು ತಳ್ಳಿದರು.

ನರ್ಸು ಪರದೆಯನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದರು. ಅಜ್ಜಿ ಕೈ ಚಾಚಿ ದೊಡ್ಡ ಡಾಕ್ಟರ ಮಣಿಕಟ್ಟು ಹಿಡಿದಿದ್ದರೆ ಮುಗಿದಿತ್ತು. ಅಡ್ಡವಿದ್ದದ್ದು ಒಂದು ಗೇಣು ಜಾಗ. ಅಜ್ಜಿಗೆ ಸೋಮವಾರದ ಕಾಗದ ನೆನಪಾಯಿತು, ಮಗಳ ಜಡೆ ನೆನಪಾಯಿತು, ಸೂಪರಿಂಟೆಂಡೆಂಟರ ನಗು ನೆನಪಾಯಿತು. ಅವಳ ಕೈ ಏಪ್ರನ್ನಿನ ಪಕ್ಕದಲ್ಲೇ ಇತ್ತು. "ಸರ್" ಅಂದಳು ಇನ್ನೊಂದು ಸಲ, ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ.

"ಹೂಂ."

"ಅಮ್ಮಾ, ಎದೆ ಬಿಗಿಯುತ್ತಿದೆ" ಅಂದ ಲಿಫ್ಟಿನ ಅಣ್ಣ. "ಯಾಕೆ ಎಲ್ರೂ ಸುಮ್ನಾದ್ರಿ?"

ನಾಳ ತೂತಾಗಿ ರಕ್ತ ಹೃದಯದ ಸುತ್ತ ತುಂಬತೊಡಗಿತ್ತು. ಆಗ ಅಜ್ಜಿ ದೊಡ್ಡ ಡಾಕ್ಟರನ್ನು ಮೊಣಕೈಯಿಂದ ಸರಿಸಿ ಮುಂದೆ ನುಗ್ಗಿದಳು. ಎದೆಗೆ ಸೂಜಿ ಚುಚ್ಚಿ ರಕ್ತ ಹೊರಗೆ ತೆಗೆದಳು, ತೂತಿಗೆ ಬಲೂನು ಅಡ್ಡ ಹಿಡಿದಳು, ಕೂಗಾಡಿ ಜನ ಕರೆಸಿದಳು, ಎದೆ ಒತ್ತಿ ಒತ್ತಿ ತೋಳು ಸೋತಿತು. ಐವತ್ತು ನಿಮಿಷವಾದ ಮೇಲೆ ನರ್ಸು ಅವಳ ಭುಜ ಹಿಡಿದು ನಿಲ್ಲಿಸಿದರು. ಇಂಥ ಕೇಸಿನಲ್ಲಿ ಹೀಗಾಗುವುದುಂಟು ಎಂದು ಆಸ್ಪತ್ರೆಯವರು ಸಾವಿನ ಕಾಗದದಲ್ಲಿ ಬರೆದರು. ಸುಳ್ಳೇನಲ್ಲ, ಆಗುವುದುಂಟು. ಲಿಫ್ಟಿನ ಅಣ್ಣನ ಹೆಂಡತಿ ಆ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ದೊಡ್ಡ ಡಾಕ್ಟರಿಗೆ ಕೈಮುಗಿದು ಹೋದಳು.

ಸೋಮವಾರ ಅಜ್ಜಿ ಮೆಟ್ಟಿಲು ಹತ್ತಿಯೇ ಮೇಲೆ ಹೋದಳು. ದೊಡ್ಡ ಡಾಕ್ಟರು ಸರ್ಟಿಫಿಕೇಟನ್ನು ಮುಂದಿಟ್ಟುಕೊಂಡು, ಕನ್ನಡಕ ಹಾಕಿ, ನಿಧಾನವಾಗಿ, ಸುಂದರವಾಗಿ ಸಹಿ ಹಾಕಿದರು. ಎದ್ದು ನಿಂತು ಅವಳ ಕೈಗೆ ಕೊಟ್ಟರು.

"ನಿನ್ನಂಥ ಶಿಷ್ಯೆ ಸಿಗೋದು ಅಪರೂಪ ಕಣಮ್ಮಾ. ತುಂಬಾ ಸಂತೋಷ." ಆಮೇಲೆ ಏನೋ ನೆನಪಾದವರ ಹಾಗೆ ಬೆರಳೆತ್ತಿದರು. "ನಮ್ಮ ಲಿಫ್ಟಿನವನ ಕೇಸು ಈ ಗುರುವಾರ ತಾನೆ? ಕಷ್ಟದ ಜಾಗ ಅದು. ನೀನು ನನ್ನ ಪಕ್ಕದಲ್ಲೇ ಇರಬೇಕು."

ಅಜ್ಜಿ ಅವರ ಮುಖ ನೋಡಿದಳು. ಆ ಮುಖದಲ್ಲಿ ಕಪಟವಿರಲಿಲ್ಲ, ದುಃಖವೂ ಇರಲಿಲ್ಲ. ಮಾಡಿದವರಿಗೆ ನೆನಪಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಪಾಡು ಇನ್ನು ಜೀವನಪೂರ್ತಿ ಅವಳೊಬ್ಬಳದೇ.

ಹೊರಗೆ ಬಂದರೆ ಕ್ಯಾತ್ ಲ್ಯಾಬಿನ ಬಾಗಿಲಲ್ಲಿ ಹಿರಿಯ ನರ್ಸು ಒಂದು ಸ್ಟ್ರೆಚರು ಹಿಡಿದು ನಿಂತಿದ್ದರು. ಅದರ ಮೇಲೆ ಒಬ್ಬ ವಯಸ್ಸಾದ ಮೇಡಂ, ಯಾವುದೋ ಸ್ಕೂಲಿನಲ್ಲಿ ಗಣಿತ ಕಲಿಸಿದವರು, ಕನ್ನಡಕ ಕೈಯಲ್ಲಿ ಹಿಡಿದು ಮಲಗಿದ್ದರು. ಅಜ್ಜಿಯ ಬಿಳಿ ಕೋಟು ಕಂಡು ಕತ್ತು ಎತ್ತಿದರು.

"ದೊಡ್ಡ ಡಾಕ್ಟ್ರೇ ಮಾಡ್ತಾರಲ್ಲಮ್ಮಾ?"

ಹೂಂ ಎನ್ನುವುದು ಗಂಟಲವರೆಗೂ ಬಂದಿತ್ತು. ಅಜ್ಜಿ ಅದನ್ನು ನುಂಗಿದಳು. "ಇಲ್ಲ" ಅಂದಳು. ದನಿ ಅವಳಿಗೇ ಜೋರೆನಿಸಿತು. "ಅವ್ರು ಮಾಡಲ್ಲ. ಅವ್ರು ಇನ್ನು ಯಾರಿಗೂ ಮಾಡಬಾರದು. ಸಿಸ್ಟರ್, ಇವ್ರನ್ನ ವಾರ್ಡಿಗೆ ವಾಪಸ್ ಕಳಿಸಿ. ನಾನು ಈಗಲೇ ಸೂಪರಿಂಟೆಂಡೆಂಟ್ ಹತ್ರ ಹೋಗ್ತೀನಿ. ಎಲ್ಲಾ ಬಾಯಿಬಿಟ್ಟು ಹೇಳ್ತೀನಿ. ಬರ್ಕೊಡ್ತೀನಿ ಬೇಕಾದ್ರೆ."

ನರ್ಸು ಸ್ಟ್ರೆಚರಿನ ಚಕ್ರದ ಬ್ರೇಕು ಬಿಡಿಸಿದರು. ಅವಳ ಮುಖ ನೋಡಿದರು, ಆಮೇಲೆ ಅವಳ ಕೈಯಲ್ಲಿದ್ದ ಕಾಗದ ನೋಡಿದರು. ಸಹಿಯ ಶಾಯಿ ಇನ್ನೂ ಒಣಗಿರಲಿಲ್ಲ, ಅಂಚು ಸ್ವಲ್ಪ ಅಳಿಸಿ ಅವಳ ಹೆಬ್ಬೆರಳಿಗೆ ಹತ್ತಿತ್ತು.

"ಹೇಳಿ ಡಾಕ್ಟ್ರೇ, ನಾನು ಹಿಂದೆ ನಿಲ್ತೀನಿ ಅಂದಿದ್ದೆ, ನಿಲ್ತೀನಿ" ಅಂದರು. "ಈ ಮಾತು ಬುಧವಾರ ಬಂದಿದ್ರೆ ಅವನು ಈಗ ಲಿಫ್ಟಿನಲ್ಲಿ ಕೂತಿರ್ತಿದ್ದ."