ಗೆಳೆಯ ಕೊಟ್ಟ ನಾಯಿ

ನಾಯಿಯ ಹಗ್ಗ ಅವತ್ತು ನನ್ನ ಕೈಯಲ್ಲೇ ಇತ್ತು ಎಂದು ನನಗೆ ನೆನಪು. ಇಲ್ಲ, ಹಗ್ಗವನ್ನು ಕುರ್ಚಿಯ ಕಾಲಿಗೆ ಸುತ್ತಿ ನೀವು ಮೇಲೆ ಕುಳಿತಿದ್ದಿರಿ ಎನ್ನುತ್ತಾಳೆ ಹೆಂಡತಿ. ಅಕ್ಕನ ಪ್ರಕಾರ ಹಗ್ಗವೇ ಇರಲಿಲ್ಲ. ಮೂವರೂ ಒಂದೇ ಪಡಸಾಲೆಯಲ್ಲಿದ್ದೆವು. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡವರ ಹೇಳಿಕೆಯನ್ನೂ ಅನುಮಾನದಿಂದಲೇ ನೋಡಬೇಕು ಎಂದು ಅಲ್ಲಿ ಕಲಿತೆ, ಈಗ ಗದಗಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಆ ಅನುಮಾನ ನನ್ನ ನೆನಪಿಗೇ ತಿರುಗಿಬಿದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಇಲ್ಲಿ ಬರೆಯುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೊಂದಿಸಿಕೊಂಡದ್ದೆಷ್ಟು ಎಂಬ ಖಾತ್ರಿ ನನಗಿಲ್ಲ.

ನಾಯಿಯನ್ನು ಕೊಟ್ಟವನು ಹಾಸ್ಟೆಲ್ ದಿನಗಳ ಗೆಳೆಯ. ಮನೆ ಶಿರಹಟ್ಟಿಯಲ್ಲಿ, ಬೀಜ-ಗೊಬ್ಬರದ ಅಂಗಡಿ ಲಕ್ಷ್ಮೇಶ್ವರದಲ್ಲಿ. ಸಿಂಗಟಾಲೂರಿನ ಕಡೆ ಕಾಲುವೆಯ ದಂಡೆಯಲ್ಲಿ ಕೊರಳಿಗೆ ತಂತಿ ಬಿಗಿದುಕೊಂಡು ಬಿದ್ದಿದ್ದ ನಾಯಿಯನ್ನು ಅವನೇ ಬಿಡಿಸಿ ತಂದು, ಔಷಧ ಮಾಡಿಸಿ ಬದುಕಿಸಿದ್ದ. ಅದು ಸುಳ್ಳಲ್ಲ. ಕೊರಳ ಸುತ್ತ ಕೂದಲು ಬಾರದ ಗುರುತನ್ನು ನಾನೇ ಎಷ್ಟೋ ಸಲ ಸವರಿದ್ದೇನೆ. ಒಂದು ಚಳಿಗಾಲದ ಬೆಳಿಗ್ಗೆ ಅವನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದಾಗ ಅವನು ಅದನ್ನು ಹಿಂದಿನ ಗೋದಾಮಿನಿಂದ ಕರೆದುಕೊಂಡು ಬಂದ.

“ಬ್ಯಾರೇದವರಿಗೆ ಕೊಡಾಕ ಮನಸ್ಸಿಲ್ಲಲೇ. ನಿಮ್ಮನ್ಯಾಗ ಸಣ್ಣ ಹುಡುಗರಿಲ್ಲ, ಗದ್ದಲಿಲ್ಲ. ನೀ ಒಯ್ಯಿ.”

“ಕಚ್ಚತೈತೇನು?”

“ಹೊಸಬರನ್ನ ಕಂಡ್ರ ಒದರತೈತಿ, ಅಷ್ಟ. ಇಲ್ಲೀತನಕ ಯಾರಿಗೂ ಹಲ್ಲು ಹಚ್ಚಿಲ್ಲ.”

ಈ ಕೊನೆಯ ಮಾತನ್ನು ನನಗೆ ನೆನಪಿರುವಂತೆಯೇ ಬರೆದಿದ್ದೇನೆ. ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಅಂಗಳದಿಂದಲೇ “ಅದೀರೇನ್ರೀ?” ಎಂದು ಕೂಗುತ್ತ ಒಳಗೇ ಬಂದುಬಿಡುತ್ತಾರೆ. ಒಳಗಿದ್ದವರು ಅದಕ್ಕಿಂತ ದೊಡ್ಡ ದನಿಯಲ್ಲಿ “ಬರ್ರಿ, ಬರ್ರಿ, ಕುಂಡ್ರಿ” ಎನ್ನದಿದ್ದರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ನಾಯಿಗೆ ಈ ಎರಡೂ ಕೂಗು ಆಗುತ್ತಿರಲಿಲ್ಲ. ಬಂದವರ ಎದೆಯ ಮಟ್ಟಕ್ಕೆ ನೆಗೆದು ನಿಲ್ಲುತ್ತಿತ್ತು. ಪಶುವೈದ್ಯರನ್ನು ಕೇಳಿ ನಾನೊಂದು ಕ್ರಮ ಮಾಡಿಕೊಂಡೆ. ನೆಂಟರು ಬರುವಾಗ ನಾಯಿ ಒಳಕೋಣೆಯಲ್ಲಿ, ಹಿಂದಿನವರು ಮಗ್ಗ ಹೂಡುತ್ತಿದ್ದ ಕೋಣೆ ಅದು. ಬಂದವರು ಸದ್ದಿಲ್ಲದೆ ಬಂದು ಕೂರಬೇಕು. ಆಮೇಲೆ ಬಾಯಿಗೆ ಕುಕ್ಕೆ ಹಾಕಿ, ಹಗ್ಗ ಹಿಡಿದು ನಾನು ಅದನ್ನು ಹೊರಗೆ ತರುತ್ತೇನೆ. ಯಾರೂ ಅದರ ಮುಖ ನೋಡಬಾರದು, ಮಾತಾಡಿಸಬಾರದು.

ಪಕ್ಕದ ಮನೆಯ ನೇಕಾರ ಹಿರಿಯರು ಮೊದಲ ಸಲ ಹೀಗೆ ಕುಳಿತು ಸುಸ್ತಾಗಿ ಹೇಳಿದರು: “ಅಲ್ರೀ ಮಾಸ್ತರ, ಎತ್ತಿಗೆ ಹಾಕೋ ಕುಕ್ಕಿ ನಾಯಿಗೆ ಹಾಕೀರಿ. ಮಾತಾಡಬ್ಯಾಡ ಅಂತ ನಮಗ ಹೇಳತೀರಿ. ಆ ಕುಕ್ಕಿ ನಮಗ ಹಾಕಿಬಿಡ್ರಿ ಅತ್ಲಾಗ.”

ನಕ್ಕರೂ, ಅವರು ಮಾತಿಲ್ಲದೆ ಕೂರುವುದನ್ನು ಕಲಿತರು. ಬೇಸಿಗೆ ಬರುವ ಹೊತ್ತಿಗೆ ನಾಯಿ ಅವರ ಚಪ್ಪಲಿಯ ಪಕ್ಕ ಮಲಗುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಅಕ್ಕನನ್ನು ಮುಂಡರಗಿಗೆ ಕೊಟ್ಟಿದೆ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಅವಳಿಗೆ ತವರು ಎಂದರೆ ನನ್ನ ಮನೆಯೇ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ತವರು, ಉಂಡಿ, ಜೋಕಾಲಿ. ಹಬ್ಬಕ್ಕೆ ಮುಂಚೆ ಫೋನು ಮಾಡಿದಳು.

“ಮನ್ಯಾಗ ಹುಲಿ ಸಾಕೀರಂತಲ್ಲೋ ತಮ್ಮಾ. ಕೂಸಿನ್ನ ಕರಕೊಂಡು ಹ್ಯಾಂಗ ಬರಲಿ?”

“ಹುಲಿ ಅಲ್ಲಕ್ಕಾ, ನಾಯಿ. ಇಲ್ಲೀತನಕ ಯಾರಿಗೂ ಹಲ್ಲು ಹಚ್ಚಿಲ್ಲ.”

“ಖರೆ?”

“ಖರೆ.”

ಗೆಳೆಯನ ಮಾತನ್ನು ಒಂದಕ್ಷರ ಬದಲಿಸದೆ ದಾಟಿಸಿದ್ದೆ. ವಿದ್ಯಾರ್ಥಿಗಳು ಯಾರಾದರೂ ಹೀಗೆ ಬರೆದರೆ ‘ಆಧಾರ ಏನು?’ ಎಂದು ಕೇಳುವವನು ನಾನು.

ಅಕ್ಕ ಮಗಳೊಂದಿಗೆ ಬಂದಳು. ಹುಡುಗಿ ಇನ್ನೂ ಒಂದನೇ ತರಗತಿ. ಮೊದಲ ದಿನ ಎಲ್ಲವೂ ಕ್ರಮದಂತೆ ನಡೆಯಿತು. ನಾಯಿ ಹುಡುಗಿಯ ಕೈ ಮೂಸಿತು, ಅವಳು ಬೆಲ್ಲದ ಚೂರು ನೆಲದ ಮೇಲಿಟ್ಟು ಹಿಂದೆ ಸರಿದಳು. ಮರುದಿನ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದೆವು. ಶೇಂಗಾ ಉಂಡಿಯ ಡಬ್ಬಿ ಬಾಯಿ ತೆರೆದೇ ಇತ್ತು. ನಾಯಿ ನನ್ನ ಕಾಲ ಬಳಿ ಇತ್ತು. “ಪಾಪ, ನೀರರ ಕುಡೀಲಿ ತಗೀರಿ” ಎಂದು ಹೆಂಡತಿ ಹೇಳಿದ ಮೇಲೆ ಕುಕ್ಕೆ ತೆಗೆದಿದ್ದೆ. ಅವಳು ಹಾಗೆ ಹೇಳಿದ್ದು ಅವಳಿಗೆ ನೆನಪಿಲ್ಲ. ಅಕ್ಕ ಹಿಂದಿನಿಂದ ಮಗಳನ್ನು ತೂಗಿದಳು. ಜೋಕಾಲಿ ಮುಂದೆ ಬಂತು, ಹಿಂದೆ ಹೋಯಿತು. ಮತ್ತೆ ಮುಂದೆ ಬಂದಾಗ ನಾಯಿ ಎದ್ದಿತು. ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ಹುಡುಗಿಯ ಮೀನಖಂಡವನ್ನು ಹಿಡಿದುಬಿಟ್ಟಿತು.

ಬಾಯಿ ಬಿಡಿಸಿದ್ದು ನಾನೆಂದು ನನ್ನ ನೆನಪು. ಅಕ್ಕ ಲಟ್ಟಣಿಗೆಯಿಂದ ಹೊಡೆದದ್ದಕ್ಕೆ ಬಿಟ್ಟಿತು ಎಂದು ಹೆಂಡತಿ. ನಳದ ಕೆಳಗೆ ಸೋಪು ಹಚ್ಚಿ ಗಾಯ ತೊಳೆದದ್ದು, ಆಸ್ಪತ್ರೆಯಲ್ಲಿ ಗಾಯದ ಸುತ್ತಲೇ ಸೂಜಿ ಚುಚ್ಚಿದಾಗ ಹುಡುಗಿ ನನ್ನ ಅಂಗಿ ಹಿಡಿದುಕೊಂಡದ್ದು, ಇವುಗಳ ಬಗ್ಗೆ ಯಾರಲ್ಲೂ ತಕರಾರಿಲ್ಲ.

ಸಂಜೆ ಅಕ್ಕ ಚೀಲ ತುಂಬಿಕೊಂಡಳು. ಬೈಯಲಿಲ್ಲ.

“ನಾಯಿ ಮ್ಯಾಲೆ ನನಗ ಸಿಟ್ಟಿಲ್ಲ ತಮ್ಮಾ. ಅದೇನು ನನಗ ಖರೆ ಅಂತ ಹೇಳಿತ್ತೇನು?” ಎಂದಳು. ಬಾಗಿಲಲ್ಲಿ ನಿಂತು, “ಅದು ಈ ಮನ್ಯಾಗ ಇರೂತನಕ ನಾ ಬರಂಗಿಲ್ಲ” ಎಂದಳು.

ಅವರು ಹೋದ ಮೇಲೆ ಗೆಳೆಯನಿಗೆ ಫೋನು ಮಾಡಿದೆ. ಹೆಂಡತಿ ಪಕ್ಕದಲ್ಲೇ ಇದ್ದಳು.

“ನಾಯಿ ಕಚ್ಚಿತೋ. ಅಕ್ಕನ ಮಗಳಿಗೆ.”

“ಜೋಕಾಲಿ ಕಟ್ಟಿದ್ರೇನು?” ಎಂದ ಅವನು.

ನಾನು ಕೇಳಿದೆ: “ನಿನಗ ಹ್ಯಾಂಗ ಗೊತ್ತಾತು?”

“ಪಂಚಮಿ ಅಲ್ಲೇನಲೇ? ಎಲ್ಲಾರ ಮನ್ಯಾಗೂ ಕಟ್ಟಿರತಾರ. ಅಲ್ಲ, ನಾ ನಿನಗ ಹೇಳಿದ್ದೆನಲ್ಲ, ಜೋಕಾಲಿ ಕಂಡ್ರ ಅದಕ್ಕ ಆಗಂಗಿಲ್ಲ ಅಂತ. ಅಂಗಡ್ಯಾಗ, ಚಹಾ ಕುಡಿಯೂ ಮುಂದ. ಮರತಿ ನೀ. ನಿನ್ನ ಮರವು ನಮಗ ಹೊಸಾದೇನು?”

ಹಾಸ್ಟೆಲ್ಲಿನಲ್ಲಿ ನನ್ನ ಮರೆವು ಹೆಸರುವಾಸಿ. ಪರೀಕ್ಷೆಯ ಹಾಲ್ ಟಿಕೆಟ್ ಮರೆತು ಅವನ ಸೈಕಲ್ಲಿನಲ್ಲಿ ವಾಪಸು ಓಡಿದ್ದೆ. ಹಾಗಾಗಿ ಅವನನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಕೆಲವು ದಿನಗಳಲ್ಲಿ ಅವನು ಹೇಳಿದ್ದು ನನಗೆ ನೆನಪಾಗತೊಡಗಿತು. ಕೈಯಲ್ಲಿ ಚಹಾದ ಗ್ಲಾಸು, ಹಿಂದೆ ಗೊಬ್ಬರದ ಚೀಲಗಳು, “ಜೋಕಾಲಿ ಅದಕ್ಕ ಆಗಂಗಿಲ್ಲ ನೋಡು” ಎನ್ನುವ ಅವನ ಬಾಯಿ. ದನಿಯೂ ಕೇಳುತ್ತಿತ್ತು. ಹೆಂಡತಿಗೆ ಹೇಳಿದೆ: ತಪ್ಪು ನನ್ನದೇ ಇರಬೇಕು.

“ಇರಬೇಕಂದ್ರ?” ಎಂದಳು ಅವಳು. “ನೀವು ಫೋನಿನ್ಯಾಗ ಜೋಕಾಲಿ ಅಂತ ಅಂದೇ ಇಲ್ಲ. ಕಚ್ಚಿತು ಅಂದ್ರಿ, ಜೋಕಾಲಿ ಅಂತ ಅವರಽ ಅಂದ್ರು. ಯಾವಾಗೋ ನೋಡಿರಬೇಕಲ್ರೀ ಅವರು?”

ಮುಖಾಮುಖಿ ಕೇಳೋಣವೆಂದು ಒಂದು ರವಿವಾರ ಶಿರಹಟ್ಟಿಗೆ ಹೋದೆ. ಅವನ ಮನೆಗೆ ಹೋದದ್ದು ಅದೇ ಮೊದಲು, ನಾವು ಭೇಟಿಯಾಗುತ್ತಿದ್ದುದು ಯಾವಾಗಲೂ ಅಂಗಡಿಯಲ್ಲೇ. ಅವನಿರಲಿಲ್ಲ. ಅವನ ತಾಯಿ ಕೂರಿಸಿ, ನೀರು-ಬೆಲ್ಲ ಕೊಟ್ಟು, ತಾವಾಗಿಯೇ ಕೇಳಿದರು.

“ಆ ನಾಯಿ ಹ್ಯಾಂಗೈತೋಪಾ? ನಮ್ಮ ಹುಡುಗಿ ಕಾಲು ಹಿಡದ ಮ್ಯಾಲೆ ಇಟಗೊಳ್ಳಾಕ ಆಗಲಿಲ್ಲ ನೋಡು. ಹ್ವಾದ ವರ್ಷದ ಪಂಚಮ್ಯಾಗ, ಜೋಕಾಲಿ ಆಡೂ ಮುಂದ. ನಾಯಿ ಇರಬೇಕು, ಇಲ್ಲಾ ನಾ ಇರಬೇಕು ಅಂದ್ಲು ಸೊಸಿ. ಅಂಗಡಿಗೆ ಒಯ್ದು ಕಟ್ಟಿದ.”

ಒಳಗಿನಿಂದ ಅವನ ಮಗಳು ಬಂದಳು. ಅಜ್ಜಿ ಹೇಳುವ ಮೊದಲೇ ಲಂಗ ಎತ್ತಿ ಮೀನಖಂಡ ತೋರಿಸಿದಳು. ನನ್ನ ಅಕ್ಕನ ಮಗಳಿಗೆ ಆದ ಜಾಗದಲ್ಲೇ.

“ಅದಕ್ಕ ಬೆಲ್ಲ ಕೊಡತೀರಿಲ್ರಿ? ಬೆಲ್ಲ ಅಂದ್ರ ಜೀವ ಅದಕ್ಕ” ಎಂದಳು.

ಕೊಡುತ್ತೇವೆ ಎಂದೆ. ಲೋಟದ ನೀರು ಹಾಗೇ ಉಳಿಯಿತು.

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನಾಯಿಯ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಹಗ್ಗದ ಕಿರುಗುಟ್ಟುವಿಕೆಗೋ, ಎದುರಿಗೆ ಏರಿ ಬರುವ ಕಾಲಿಗೋ, ಯಾವುದಕ್ಕೆ ಅದು ಕೆರಳುತ್ತದೆಂದು ನನಗಿನ್ನೂ ಗೊತ್ತಿಲ್ಲ. ಜೋಕಾಲಿ ಅದಕ್ಕೆ ಆಗದೆಂದು ಗೊತ್ತಿದ್ದು, ನನಗೆ ಹೇಳಬೇಕಾಗಿದ್ದವನು ಒಬ್ಬನೇ ಇದ್ದ. ಒಂದು ಮಾತು ಹೇಳಿದ್ದರೆ ನಾನು ನಾಯಿಯನ್ನು ಬೇಡ ಎನ್ನುತ್ತಿರಲಿಲ್ಲ. ಹಬ್ಬದ ದಿನ ಒಳಕೋಣೆಗೆ ಹಾಕಿ ಅಗಳಿ ಇಕ್ಕುತ್ತಿದ್ದೆ, ಅಷ್ಟೇ. ಅಥವಾ ಹಾಗೆ ಮಾಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆಯೇನೋ.

ನಾನು ಬಂದುಹೋದದ್ದು ತಾಯಿಯಿಂದ ತಿಳಿದು ರಾತ್ರಿ ಅವನೇ ಫೋನು ಮಾಡಿದ. “ಕಚ್ಚಿದ್ದು ಖರೆ ಐತಿ. ಅದನ್ನೂ ಹೇಳಿದ್ದೆ ನಿನಗ. ನೀ ಏನು ಕೇಳಿಸ್ಕೊಂಡಿಯೋ ಏನೋ. ಸಾಯೂ ನಾಯಿ ಉಳಿಸೇನಿ ನಾ, ಅದನ್ನ ಯಾಕ ಮರೀತಿ?”

ಅದನ್ನು ಮರೆತಿಲ್ಲ. ಮರೆಯಲಾಗದ್ದರಿಂದಲೇ ಅವನನ್ನು ಸರಿಯಾಗಿ ಬೈಯಲೂ ಆಗಲಿಲ್ಲ. ನಾಯಿಯನ್ನು ಉಳಿಸುವಷ್ಟು ಅಂತಃಕರಣ ಇದ್ದವನು ನನ್ನ ಮುಖ ನೋಡಿಕೊಂಡು ಅದನ್ನು ಹೇಗೆ ದಾಟಿಸಿದ? ಇಷ್ಟಾಗಿಯೂ ಅವನು ಹೇಳುವುದೇ ನಿಜವಿರಬಹುದೆಂಬ ಸಂಶಯ ನನ್ನೊಳಗೆ ಇದ್ದೇ ಇತ್ತು, ಅವನ ಕೈಯಲ್ಲಿನ ಚಹಾದ ಗ್ಲಾಸು ಇನ್ನೂ ಕಾಣುತ್ತಲೇ ಇತ್ತು.

ನಾಯಿಗೆ ಬೇರೆ ಜಾಗ ಹುಡುಕಿದೆ. ಹಿರೇಹಂದಿಗೋಳದಲ್ಲಿ ಪರಿಚಯದ ರೈತರೊಬ್ಬರ ತೋಟ, ಸುತ್ತ ಬೇಲಿ, ಮಕ್ಕಳಿಲ್ಲದ ಗಂಡ-ಹೆಂಡತಿ. “ಇದು ಕಚ್ಚತೈತಿ” ಎಂದೇ ಮಾತು ಶುರು ಮಾಡಿದೆ. ಯಾರಿಗೆ, ಎಲ್ಲಿ, ಯಾವಾಗ ಎಂದು ಎಲ್ಲವನ್ನೂ ಹೇಳಿದೆ.

“ಹೊಲದಾಗ ಜೋಕಾಲಿ ಯಾಂವ ಕಟ್ಟತಾನ ಬಿಡ್ರಿ” ಎಂದರು ಅವರು.

“ಗಿಡಕ್ಕೂ ಕಟ್ಟಬ್ಯಾಡ್ರಿ. ನೆಂಟರ ಹುಡುಗರು ಬಂದ್ರೂ ಕಟ್ಟಬ್ಯಾಡ್ರಿ.”

“ಆತು ಬಿಡ್ರಿ ಮಾಸ್ತರ, ಎಷ್ಟು ಸಲ ಹೇಳತೀರಿ?”

ಬಿಟ್ಟು ಬರುವಾಗ ನಾಯಿ ಬೇಲಿಯ ತನಕ ಬಂತು. ದೀಪಾವಳಿಗೆ ಅಕ್ಕ ಬಂದಳು, ಒಬ್ಬಳೇ. ಮಗಳನ್ನು ಯಾಕೆ ಕರೆತರಲಿಲ್ಲ ಎಂದು ನಾನು ಕೇಳಲಿಲ್ಲ. ಗೆಳೆಯ ಹೇಳಿದ ಸುಳ್ಳಿನ ಸಂಗತಿ ಹೇಳಿದೆ. “ಅವ ನಿನಗ ಹೇಳಿದ, ನೀ ನನಗ ಹೇಳಿದಿ. ನನಗ ಅವ ಯಾರೋ?” ಎಂದು ಒಳಗೆ ಹೋದಳು.

ಆಮೇಲೆ ಮುಂಡರಗಿಯಲ್ಲಿ ಒಂದು ಮದುವೆಯ ಊಟದ ಮನೆಯಲ್ಲಿ ಗೆಳೆಯನ ಹೆಂಡತಿ ನನ್ನನ್ನು ಕಂಡು ತಾವೇ ಹತ್ತಿರ ಬಂದರು. ಅಕ್ಕನ ಮಗಳ ಕಾಲು ಹೇಗಿದೆ ಎಂದು ಕೇಳಿದರು. ಮಾಯ್ದಿದೆ ಎಂದೆ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅಣ್ಣಾರ, ನನಗೂ ಅತ್ತಿಗೂ ತಾಕೀತು ಮಾಡಿದ್ರು. ಕಚ್ಚಿದ್ದು ಅವಗ ಹೇಳಬ್ಯಾಡ್ರಿ, ಹೇಳಿದ್ರ ಒಯ್ಯಂಗಿಲ್ಲ ಅಂತ. ನೀವು ಒಯ್ದಾತಲ್ಲ ಅಂತ ಅತ್ತಿ ಬಾಯಿ ಬಿಟ್ರು.”

ಹಾಗೆ ಹೇಳಿದ್ದು ನಾನು ನಾಯಿಯನ್ನು ಒಯ್ಯುವ ಮೊದಲೋ, ಆಮೇಲೋ ಎಂದು ಕೇಳಿದೆ. ತಪ್ಪು ಕೇಳಿಸಿಕೊಂಡಿರಬಾರದೆಂದು ಇನ್ನೊಮ್ಮೆ ಕೇಳಿದೆ. ಎರಡು ಸಲವೂ ಅವರು ಹೇಳಿದ್ದು ಒಂದೇ: ಒಯ್ಯುವ ಹಿಂದಿನ ದಿನ.