ಕಾಕಾನ ಕಾಲು, ಕಬ್ಬಿಣದ ಅಣು

ಕೊರೊನಾ ಮುಗಿದ ಮೇಲಿನ ಎರಡನೇ ಚಳಿಗಾಲ. ಆಗ ನಾನು ಧಾರವಾಡದ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಹಿರಿಯ ಕೆಮಿಸ್ಟ್. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸಪ್ಪಳದಲ್ಲೇ ಪಾಠ ಓದಿ, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದೇನು ಪುಕ್ಕಟೆ ಬಂದದ್ದಲ್ಲ.

ನಮ್ಮ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಪೆಪ್ಟೈಡ್ ಎಂದರೆ ಪ್ರೋಟೀನಿನ ಸಣ್ಣ ತುಂಡು. ರೋಗಾಣುಗಳನ್ನು ಎದುರಿಸಲು ನಮ್ಮ ದೇಹವೇ ಕೆಲವು ಪೆಪ್ಟೈಡ್‌ಗಳನ್ನು ತಯಾರಿಸುತ್ತದೆ. ನೂಲಿನ ಹುರಿಯಂತೆ ಸುತ್ತಿಕೊಂಡಿರುವ ಇವು ಬ್ಯಾಕ್ಟೀರಿಯಾದ ಪೊರೆಯನ್ನು ಹರಿಯುತ್ತವೆ. ಆದರೆ ಇವನ್ನೇ ಔಷಧವಾಗಿ ಕೊಟ್ಟರೆ ದೇಹದ ಕಿಣ್ವಗಳು ಬೇಗ ಕತ್ತರಿಸಿಹಾಕುತ್ತವೆ. ಅದಕ್ಕೆ ನಾವು ಮೂರು ಸಾವಯವ ಎಳೆಗಳನ್ನು ಕಬ್ಬಿಣದ ಎರಡು ಅಯಾನುಗಳ ಸುತ್ತ ಹೆಣೆದು, ಅದೇ ಆಕಾರದ, ಸುಲಭವಾಗಿ ಬಿಚ್ಚದ ಅಣುವನ್ನು ತಯಾರಿಸಿದ್ದೆವು. ಮೆಟಲೋಹೆಲಿಕ್ಸ್ ಎನ್ನುತ್ತಾರೆ. ಸಾಮಾನ್ಯ ಆ್ಯಂಟಿಬಯೊಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಗಾಜಿನ ತಟ್ಟೆಯಲ್ಲಿ ಇದಕ್ಕೆ ಸತ್ತವು. ಮನುಷ್ಯನ ರಕ್ತಕಣಗಳಿಗೆ ಇದು ಏನು ಮಾಡುತ್ತದೆ ಎಂಬ ಪರೀಕ್ಷೆ ಇನ್ನೂ ನಡೆಯುತ್ತಿತ್ತು.

ಅಷ್ಟರಲ್ಲಿ ಒಂದು ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂತು. ನಾನು ‘ಕಬ್ಬಿಣದ ಅಣು’ ಎಂದು ಹೇಳಿದ್ದು, ಅಚ್ಚಾಗುವಾಗ ‘ಕಬ್ಬಿಣದ ಔಷಧ’ವಾಗಿತ್ತು. ಅವ್ವ ಅದನ್ನು ಓಣಿಯವರಿಗೆಲ್ಲ ತೋರಿಸಿದಳು. ಲಕ್ಷ್ಮೇಶ್ವರ, ಶಿರಹಟ್ಟಿಯ ಬೀಗರಿಗೂ ಖಬರ ಮುಟ್ಟಿತು.

ಒಂದು ರವಿವಾರ ಊರಿಗೆ ಹೋದಾಗ ಈರಪ್ಪ ಕಾಕಾ ಕರೆಕಳಿಸಿದ. ಅಪ್ಪನ ತಮ್ಮ. ಇವತ್ತಿಗೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ಕೈಮಗ್ಗ ನೇಯುವವನು. ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿ ವಾಸಿಯಾಗದೆ ಕುಳಿತಿತ್ತು. ಡಾಕ್ಟರು ಬೆರಳು ತೆಗೆಯಬೇಕೆಂದಾಗ ಎದ್ದು ಬಂದವನು ಮತ್ತೆ ಆಸ್ಪತ್ರೆಯ ಕಡೆ ಹೋಗಿರಲಿಲ್ಲ.

ಪಟ್ಟಿ ಬಿಚ್ಚಿದಾಗ ಗಾಯದ ತುಂಬ ಕೆಂಪು ಪುಡಿ. ಕುಂಕುಮವೇನೋ ಅಂದುಕೊಂಡೆ.

"ಏನು ಹಚ್ಚೀ ಕಾಕಾ ಇದು?"

"ನಿಂದ ಮದ್ದು. ಸೊಸಿ ಬಸರಿ ಅಲ್ಲಾ, ಆಕಿಗೆ ಕಬ್ಬಿಣದ ಗುಳಿಗಿ ಕೊಟ್ಟಾರ. ಕುಟ್ಟಿ ಹಚ್ಚೀನಿ. ಪೇಪರ್‌ನ್ಯಾಗ ನೀನ ಹೇಳೀಯಂತಲ್ಲ!"

ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು; ಗುಳಿಗೆಯ ಕಬ್ಬಿಣವೇ ಬೇರೆ, ನಮ್ಮ ಅಣುವೇ ಬೇರೆ ಎಂದು ಬಿಡಿಸಿ ಹೇಳಿದೆ.

"ಹಂಗಾರ ಇಷ್ಟು ದಿನ ನಾ ಆ ಹುಳಕ್ಕ ಊಟಾ ಬಡಿಸೀನೇನು?" ಕಾಕಾ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಅಸಲಿ ಮಾಲು ನಿನ್ನ ಕಡೆ ಐತಲ್ಲ, ಅದನ್ನ ಕೊಡು. ಬೆರಳು ಹೋದ್ರ ನಾ ಹ್ಯಾಂಗ ತುಳೀಲಿ?"

"ಅದು ಇನ್ನೂ ಮದ್ದಾಗಿಲ್ಲ ಕಾಕಾ."

ಬಾಗಿಲಲ್ಲಿ ನಿಂತಿದ್ದ ಅವ್ವ ಬಾಯಿ ಹಾಕಿದಳು: "ಮನಿ ಮಂದಿಗೆ ಉಪಯೋಗಕ್ಕ ಬರಲಾರದ್ದು ಮತ್ತ್ಯಾರಿಗೆ ಬರತೈತಿ? ಕೊಡಬಾರದೇನ ಒಂದೀಟು?"

ಪ್ರಯೋಗಾಲಯದ ಫ್ರಿಜ್‌ನಲ್ಲಿದ್ದ ಸೀಸೆ ಕಣ್ಣಮುಂದೆ ಬಂತು. ಸಂಜೆ ಗಾಡಿ ಹತ್ತಿದರೆ ಮರುದಿನ ತಂದುಕೊಡಬಹುದಿತ್ತು. ನಾನು ಕಾಲೇಜಿಗೆ ಹೋಗುವಾಗ ಬಸ್ ಪಾಸಿಗೆಂದು ತನ್ನ ವಾರದ ಪಗಾರದಲ್ಲಿ ದುಡ್ಡು ತೆಗೆದಿಟ್ಟವನು ಇದೇ ಕಾಕಾ.

"ನನ್ನ ಸೀಸೆದಾಗಿಂದು ಹುಳಾ ಕೊಲ್ತೈತಿ, ಖರೆ. ನಿನ್ನ ರಕ್ತಾ ಉಳಿಸತೈತೋ ಇಲ್ಲೋ, ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ಇಷ್ಟು ವರ್ಸ ಓದಬೇಕಾತೇನ್ಲೇ?"

"ಬೇಕಾತು ಕಾಕಾ."

ಆತ ಬಿಚ್ಚಿದ ಪಟ್ಟಿಯನ್ನು ಮತ್ತೆ ಸುತ್ತಿಕೊಂಡ. "ಆತು, ಆಟೋ ಕರಿ. ಗೊತ್ತಿದ್ದವರ ಕಡೇನ ಹೋಗೋಣ" ಎಂದ. ಮಾತು ಚುಚ್ಚುವಂತಿತ್ತು. ಆದರೂ ಎದ್ದ.

ಗದಗಿನ ಆಸ್ಪತ್ರೆಯಲ್ಲಿ ಹೆಬ್ಬೆರಳಿನ ಜೊತೆ ಪಕ್ಕದ ಬೆರಳೂ ಹೋಯಿತು. ಕೀವಿನ ಕಲ್ಚರ್ ಪರೀಕ್ಷೆಯಲ್ಲಿ, ಅಂದರೆ ರೋಗಾಣು ಬೆಳೆಸಿ ಯಾವ ಔಷಧಕ್ಕೆ ಸಾಯುತ್ತದೆಂದು ನೋಡಿದಾಗ, ಒಂದು ಹಳೆಯ ಇಂಜೆಕ್ಷನ್‌ಗೆ ಅದು ಬಗ್ಗಿತು. ಪಾದ ಉಳಿಯಿತು, ಜೀವ ಉಳಿಯಿತು.

ಕೆಲವು ವಾರಗಳ ನಂತರ ನಮ್ಮ ಪರೀಕ್ಷೆಯ ಫಲಿತಾಂಶ ಬಂತು. ರಕ್ತಕಣಗಳಿಗೆ ಹಾನಿಯಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಪೇಢೆ ತಿಂದರು. ನಾನು ನನ್ನ ಪಾಲಿನದನ್ನು ಬದಿಗಿಟ್ಟು ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ಒಂದೇ ಮಾತು ಕೇಳಿದಳು: "ಹಂಗಾರ ಅವತ್ತ ಕೊಡಬಹುದಿತ್ತಲ್ಲ?"

ಇಲ್ಲ. ತಟ್ಟೆಯಲ್ಲಿನ ರಕ್ತಕಣ ಬೇರೆ, ಮೂತ್ರಪಿಂಡ, ಯಕೃತ್ತು ಇರುವ ಇಡೀ ಮನುಷ್ಯ ಬೇರೆ. ಅವತ್ತು ನನಗೆ ಗೊತ್ತಿರಲಿಲ್ಲ, ಮುಕ್ಕಾಲು ಪಾಲು ಇವತ್ತಿಗೂ ಗೊತ್ತಿಲ್ಲ. ಮನೆಯವರೆಲ್ಲ ನಿನಗೆ ಎಲ್ಲ ತಿಳಿದಿದೆ ಎಂದು ನಂಬಿ ಕುಳಿತಾಗ, ತಿಳಿಯದ್ದನ್ನು ತಿಳಿಯದು ಎನ್ನಲು ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಈ ಉದ್ಯೋಗ ನನಗೆ ಕಲಿಸಿದ್ದು ಅದನ್ನು.

ಕಾಕಾ ಹಲಗೆಗೆ ದಪ್ಪ ಬಟ್ಟೆ ಸುತ್ತಿ, ಹಿಮ್ಮಡಿಯ ಬಲದಿಂದ ತುಳಿಯುವುದನ್ನು ರೂಢಿಸಿಕೊಂಡ. ಮೊದಲಿನ ವೇಗ ಇಲ್ಲ. ಕಳೆದ ಸಲ ಹೋದಾಗ ಮುಂಡರಗಿಯಿಂದ ಯಾರೋ ಸಂಬಂಧಿಕರು ಅದೇ ಪತ್ರಿಕೆಯ ತುಂಡು ಹಿಡಿದು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಲಾಳಿ ನಿಲ್ಲಿಸಿ ಹೇಳಿದ:

"ಅದು ಇನ್ನೂ ಮಗ್ಗದ ಮ್ಯಾಲೈತ್ರಿ. ಆತುರಕ್ಕ ನಡುವ ಕೊಯ್ದ್ರ ಎಳಿ ಬಿಚ್ಚಿ ಹೋಗ್ತಾವ. ನೀವು ಮೊದಲ ದವಾಖಾನಿಗೆ ನಡೀರಿ."